ಕೊನೆಯ ಸಾಲಿನ ಉಳಿಕೆ

ನಮ್ಮೂರಲ್ಲಿ ಯಾರಾದರೂ ಒಂದು ಕಡೆ ಒಂದಿಷ್ಟು ಹೊತ್ತು ಕೂತು ಎದ್ದುಹೋದರೆ ಅವರ ಮೈವಾಸನೆ ಮೂರು ದಿನ ಅಲ್ಲಿಯೇ ಇರುತ್ತದೆ. ಅದಕ್ಕೆ ನಾವು ಉಳಿಕೆ ಅನ್ನುತ್ತೇವೆ. ನೀವು ಮನೆಯಲ್ಲಿ ಇಲ್ಲದಾಗ ಯಾರು ಬಂದು ಜಗುಲಿಯಲ್ಲಿ ಕಾದು ಹೋದರು ಅಂತ ಯಾರನ್ನೂ ಕೇಳಬೇಕಾಗಿಲ್ಲ. ಶಾಲೆಯ ಮೇಷ್ಟ್ರು ಹಾಜರಿಯನ್ನು ಸಂಜೆ ಖಾಲಿ ಬೆಂಚುಗಳ ನಡುವೆ ಓಡಾಡಿ ಹಾಕಿಕೊಳ್ಳುತ್ತಾರೆ. ಗಂಡ ಎಲ್ಲಿ ಕೂತು ಬಂದ ಅಂತ ಹೆಂಡತಿಗೆ, ಮಗಳು ಯಾರ ಜೊತೆ ನಿಂತಿದ್ದಳು ಅಂತ ತಾಯಿಗೆ ತಿಳಿಯುತ್ತದೆ. ಹೀಗಾಗಿ ಊರಿನವರು ದಿನಕ್ಕೆ ಎರಡು ಸಲ ಮೀಯುತ್ತಾರೆ, ಊಟದಲ್ಲಿ ಬೆಳ್ಳುಳ್ಳಿ ಕಡಿಮೆ, ಮಾತಿನಲ್ಲಿ ಸುಳ್ಳು ಕಡಿಮೆ. ಎಲ್ಲರಿಗೂ ತಮ್ಮದೊಂದು ತೆಳುವಾದ ಉಳಿಕೆ ಇರುತ್ತದೆ, ಹೆಸರಿದ್ದ ಹಾಗೆ. ಅದಕ್ಕೆ ಯಾರೂ ನಾಚುವುದಿಲ್ಲ.

ನನ್ನದು ಮಾತ್ರ ತೆಳುವಾಗಿರಲಿಲ್ಲ.

ನನ್ನ ಹೆಸರು ವನಜಾಕ್ಷಿ. ಹೊಲಿಗೆ ನನ್ನ ಕೆಲಸ. ಹದಿಮೂರನೇ ವಯಸ್ಸಿಗೆ ನನಗೆ ಬೆವರು ಶುರುವಾಯಿತು. ಎಲ್ಲರಿಗೂ ಬರುವ ಹಾಗಲ್ಲ. ಸುಮ್ಮನೆ ಕೂತಿದ್ದರೂ ಕಂಕುಳು ತೊಯ್ದು, ರವಿಕೆಯ ಮೇಲೆ ಅಂಗೈಯಗಲ ಕಲೆ ಮೂಡುತ್ತಿತ್ತು. ಯಾರಾದರೂ ನೋಡಿದರೆ ಇನ್ನೂ ಹೆಚ್ಚು. ಅಮ್ಮ ಹೇಳಿಕೊಟ್ಟಿದ್ದು ಒಂದೇ: "ಮೊಣಕೈ ಒತ್ತಿ ಹಿಡ್ಕೊಂಡು ಕೂತ್ಕೋ." ನಾನು ಹಾಗೇ ಬೆಳೆದೆ. ಮೇಲಿನ ಗೂಡಿನಿಂದ ಡಬ್ಬ ತೆಗೆಯಬೇಕಾದರೂ ಕೈ ಎತ್ತದೆ ಮಣೆ ಹಾಕಿ ಹತ್ತುವ ಅಭ್ಯಾಸವಾಯಿತು.

ಇಪ್ಪತ್ತಮೂರನೇ ವಯಸ್ಸಿನಲ್ಲಿ ನನ್ನನ್ನು ನೋಡಲು ಒಂದು ಗಂಡಿನ ಕಡೆಯವರು ಬಂದಿದ್ದರು. ಒಳ್ಳೆಯ ಜನ. ನಾನು ನಡುಮನೆಯಲ್ಲಿ ಚಾಪೆಯ ಮೇಲೆ ಕೂತು, ಕೇಳಿದ್ದಕ್ಕೆಲ್ಲ ಉತ್ತರ ಹೇಳಿದೆ. ಮರುದಿನ ಹುಡುಗನ ತಾಯಿ, ತಾಂಬೂಲದ ತಟ್ಟೆ ಹಿಂತಿರುಗಿಸುವ ನೆಪದಲ್ಲಿ ಒಬ್ಬರೇ ಬಂದರು. ಆ ಚಾಪೆ ಹಾಸಿದ್ದ ಜಾಗದ ಹತ್ತಿರ ಎರಡು ನಿಮಿಷ ನಿಂತರು. ಹೊರಡುವಾಗ ಅಮ್ಮನ ಕೈ ಹಿಡಿದು, "ಬೇಜಾರು ಮಾಡ್ಕೋಬೇಡಿ" ಅಂದರು. ಅಷ್ಟೇ. ಆಮೇಲೆ ಯಾರೂ ಬರಲಿಲ್ಲ.

ಮುಂದಿನ ವರ್ಷ ನನ್ನ ತಂಗಿ ಕುಮುದಳಿಗೆ ಗಂಡು ಗೊತ್ತಾಯಿತು. ನನಗಿಂತ ನಾಲ್ಕು ವರ್ಷ ಚಿಕ್ಕವಳು, ಚೆಲುವೆ. ಮದುವೆಯ ಹಿಂದಿನ ದಿನ ಅಮ್ಮ ನನ್ನನ್ನು ಹಿತ್ತಲಿಗೆ ಕರೆದು, "ಅವಳ ಅತ್ತೆ ಮನೆಗೆ ನೀನು ಹೋಗೋದು ಬೇಡ ಕಣೇ. ನಿಂದು ಅಲ್ಲಿ ಉಳೀತು ಅಂದ್ರೆ, ಇವರ ವಂಶದಲ್ಲೇ ಇದೆ ಅಂದ್ಬಿಡ್ತಾರೆ" ಅಂದರು. ನಾನು ಆಗಲಿ ಅಂದೆ. ಕುಮುದ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದಳು ಅಂತ ನನಗೆ ಗೊತ್ತಿತ್ತು. ಅವಳು ಬೇಡಮ್ಮ ಅನ್ನಬಹುದು ಅಂತ ಸ್ವಲ್ಪ ಹೊತ್ತು ಕಾದೆ. ಅವಳು ಅನ್ನಲಿಲ್ಲ.

ಅವಳ ಮನೆ ನನ್ನ ಅಂಗಡಿಯಿಂದ ನಾಲ್ಕು ಬೀದಿ ಆಚೆ. ಇಪ್ಪತ್ತೆರಡು ವರ್ಷ ನಾನು ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ಅಮ್ಮ ಹೋದ ಮೇಲೂ ಆ ಮಾತು ಹಾಗೇ ನಿಂತಿತು. ಸಂತೆಯಲ್ಲಿ ಎದುರಾದರೆ ಕುಮುದ ನಗುತ್ತಿದ್ದಳು, ನಾನೂ ನಗುತ್ತಿದ್ದೆ. ನಡುವೆ ಎರಡು ತರಕಾರಿ ಗುಡ್ಡೆಗಳಷ್ಟು ದೂರ ಇರುತ್ತಿತ್ತು. ಒಮ್ಮೆ ಅವಳ ಮಗಳು ಭಾರ್ಗವಿ, ಆಗ ಅವಳಿಗೆ ಆರು ವರ್ಷ, "ದೊಡ್ಡಮ್ಮಾ" ಅಂತ ಓಡಿಬಂದು ನನ್ನ ಸೊಂಟ ತಬ್ಬಿಕೊಂಡುಬಿಟ್ಟಳು. ಕುಮುದ ಅವಳನ್ನು ಮೆಲ್ಲಗೆ ಬಿಡಿಸಿಕೊಂಡು ಕರೆದೊಯ್ದಳು. ಆ ಸಂಜೆ ಅವರ ಹಿತ್ತಲಲ್ಲಿ ಮಗು ನೀರು ಬೇಡ ಅಂತ ಅಳುತ್ತಿದ್ದುದನ್ನು ಪಕ್ಕದ ಮನೆಯವರು ನನಗೆ ಹೇಳಿದರು. ಎರಡು ಸಲ ತಲೆಗೆ ನೀರು ಹಾಕಿದರಂತೆ.

ನನ್ನ ಹೊಲಿಗೆ ಚೆನ್ನಾಗಿತ್ತು, ಗಿರಾಕಿಗಳಿಗೆ ಕೊರತೆ ಇರಲಿಲ್ಲ. ಆದರೆ ಯಾರೂ ಒಳಗೆ ಬರುತ್ತಿರಲಿಲ್ಲ. ಬಟ್ಟೆಯನ್ನೂ ಅಳತೆಗೆ ಒಂದು ಹಳೆಯ ರವಿಕೆಯನ್ನೂ ಚೀಲದಲ್ಲಿ ಹಾಕಿ ಬಾಗಿಲ ಕೊಕ್ಕೆಗೆ ನೇತುಹಾಕಿ ಹೋಗುತ್ತಿದ್ದರು. ಹೊಲಿದದ್ದನ್ನು ಅದೇ ಕೊಕ್ಕೆಗೆ ನಾನು ನೇತುಹಾಕುತ್ತಿದ್ದೆ. ಟೇಪು ಕೊರಳಲ್ಲಿ ಸುಮ್ಮನೆ ತೂಗಾಡುತ್ತಿತ್ತು. ಊರಿನ ಅರ್ಧ ಹೆಂಗಸರ ಎದೆ ಸುತ್ತಳತೆ ನನಗೆ ಬಾಯಿಪಾಠ, ಅವರಲ್ಲಿ ಒಬ್ಬರ ಭುಜವನ್ನೂ ನಾನು ಮುಟ್ಟಿದ್ದಿಲ್ಲ. ಕುಮುದ ಮಾತ್ರ ತನ್ನ ರವಿಕೆಗಳನ್ನು ಪೇಟೆಯ ಇನ್ನೊಬ್ಬ ಟೈಲರ್ ಹತ್ತಿರ ಹೊಲಿಸುತ್ತಿದ್ದಳು. ಅದೊಂದು ನನಗೆ ಅರ್ಥವಾಗಿರಲಿಲ್ಲ. ಬಟ್ಟೆಗೇನು, ಒಗೆದರೆ ಹೋಗುತ್ತದಲ್ಲ ಅಂದುಕೊಳ್ಳುತ್ತಿದ್ದೆ.

ನಾನು ಸುಮ್ಮನೆ ಕೂತಿರಲಿಲ್ಲ, ನನಗೆ ತೋಚಿದ್ದೆಲ್ಲ ಮಾಡಿದ್ದೆ. ಕಲೆ ಕಾಣದಿರಲಿ ಅಂತ ಕಪ್ಪು ನೈಲಾನ್ ರವಿಕೆ, ಅದರೊಳಗೆ ದಪ್ಪ ಲೈನಿಂಗ್. ಬೆವತಾಗಲೆಲ್ಲ ಮೇಲೆ ಪೌಡರು, ಅದರ ಮೇಲೆ ಅತ್ತರು. ನನ್ನ ಬಟ್ಟೆ ಬೀದಿಯ ಕಡೆ ಒಣಹಾಕಿದರೆ ಜನ ಏನಂದಾರು ಅಂತ ಒಳಕೋಣೆಯ ಹಗ್ಗದ ಮೇಲೆ ನೆರಳಲ್ಲೇ ಒಣಗಿಸುತ್ತಿದ್ದೆ. ಎಷ್ಟು ಮಾಡಿದರೂ ಸಾಲದು ಅನ್ನಿಸುತ್ತಿತ್ತು.

ಹೀಗಿರುವಾಗ ಒಂದು ಬೇಸಿಗೆಯಲ್ಲಿ ಊರಿನ ಆಸ್ಪತ್ರೆಗೆ ಹೊಸ ನರ್ಸು ಬಂದರು. ಹೊರಗಿನವರು, ಹೆಸರು ಫಿಲೋಮಿನಾ, ಐವತ್ತು ದಾಟಿದ ದಪ್ಪನೆಯ ಹೆಂಗಸು. ಒಂದು ಮಧ್ಯಾಹ್ನ ಬಾಗಿಲ ಕೊಕ್ಕೆಯನ್ನು ನೋಡದೆ ನೇರವಾಗಿ ಒಳಗೆ ನುಗ್ಗಿ, ಸ್ಟೂಲಿನ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡರು.

"ಅಯ್ಯೋ ಏನು ಸೆಕೆ ರೀ ನಿಮ್ಮೂರಲ್ಲಿ! ನಾಲ್ಕು ರವಿಕೆ ಹೊಲೀಬೇಕು. ಅಳತೆ ತಗೊಳ್ಳಿ."

"ಹಳೇ ರವಿಕೆ ತಂದಿದ್ದರೆ ಸಾಕಿತ್ತು" ಅಂದೆ.

"ಹಳೇದೆಲ್ಲ ಬಿಗಿ ಆಗಿದೆ. ಅದಕ್ಕೇ ಅಲ್ವಾ ಬಂದಿರೋದು?" ಎದ್ದು ನಿಂತು ಎರಡೂ ಕೈ ಅಗಲಿಸಿದರು. ಅವರ ಕಂಕುಳೂ ಒದ್ದೆಯಾಗಿತ್ತು. ಅದನ್ನು ಅವರು ಮುಚ್ಚಿಕೊಳ್ಳಲಿಲ್ಲ.

ನಾನು ಟೇಪು ಹಿಡಿದು ಹತ್ತಿರ ಹೋದೆ. ಸುತ್ತಳತೆ ತೆಗೆಯಲು ನನ್ನ ಕೈಗಳನ್ನು ಎತ್ತಬೇಕಿತ್ತು, ಎತ್ತಿದೆ. ಆಕೆ ಮುಖ ತಿರುಗಿಸಲಿಲ್ಲ. ಅಳತೆ ಮುಗಿದ ಮೇಲೆ, ಯಾರದೋ ಜ್ವರದ ಬಗ್ಗೆ ವಿಚಾರಿಸುವ ಹಾಗೆ ಕೇಳಿದರು: "ಎಷ್ಟು ವರ್ಷದಿಂದ ಹೀಗೆ ಬೆವರುತ್ತೆ?"

ನನಗೆ ತಟ್ಟನೆ ಅಳು ಬಂತು. ಯಾರೂ ಅದನ್ನು ನನ್ನ ಎದುರಿಗೆ ಕೇಳಿರಲಿಲ್ಲ. ಆಕೆ ನಾನು ಸುಧಾರಿಸಿಕೊಳ್ಳುವವರೆಗೆ ಕೂತಿದ್ದು, ಜ್ವರ ಬರುತ್ತಾ, ತೂಕ ಇಳಿದಿದೆಯಾ, ಎದೆ ಡವಗುಟ್ಟುತ್ತಾ, ನಿದ್ದೆಯಲ್ಲೂ ಬೆವರಿ ಎಚ್ಚರ ಆಗುತ್ತಾ ಅಂತ ಒಂದೊಂದೇ ಕೇಳಿದರು. ಎಲ್ಲಕ್ಕೂ ಇಲ್ಲ ಅಂದೆ.

"ಹಾಗಿದ್ರೆ ಇದು ಕಾಯಿಲೆ ಅಲ್ಲ. ಕೆಲವರ ಮೈ ಹಾಗೆ. ಬೆವರು ಬರೋದು ತಪ್ಪಲ್ಲ, ವನಜಾಕ್ಷಿ. ಈಗಷ್ಟೇ ಬಂದ ಬೆವರಿಗೆ ವಾಸನೆ ಕೂಡ ಇಲ್ಲ. ಅದು ಚರ್ಮದ ಮೇಲೆ, ಬಟ್ಟೇಲಿ ಹಾಗೇ ಇದ್ದು ಹುಳಿತಾಗ ವಾಸನೆ ಬರೋದು. ನೀವು ಅದನ್ನ ಹೋಗೋಕೆ ಬಿಡ್ತಾನೇ ಇಲ್ವಲ್ಲ. ಕಟ್ಟಿಹಾಕಿ ಇಟ್ಟಿದೀರಿ."

ನನ್ನ ರವಿಕೆಯ ತೋಳನ್ನು ಎರಡು ಬೆರಳಲ್ಲಿ ಹಿಡಿದು, "ಹೊಲಿಗೆಯೋರಾಗಿ ಇದನ್ನ ಹಾಕ್ಕೊಂಡಿದೀರಲ್ಲ!" ಅಂತ ಬೈದರು.

ಅವತ್ತಿನಿಂದ ಅವರು ವಾರಕ್ಕೆ ಎರಡು ಸಲ ಬರತೊಡಗಿದರು. ನಾನು ನೈಲಾನೆಲ್ಲ ಕಟ್ಟಿಟ್ಟು ತೆಳು ಹತ್ತಿಯ ರವಿಕೆಗಳನ್ನು ಹೊಲಿದುಕೊಂಡೆ, ಸ್ವಲ್ಪ ಸಡಿಲವಾಗಿ. ಬೆಳಿಗ್ಗೆ ಸಂಜೆ ಸ್ನಾನ ಮೊದಲೂ ಇತ್ತು; ಆದರೆ ಮಿಂದು ಒರೆಸಿಯೂ ಒರೆಸದೆ ಅವಸರದಲ್ಲಿ ಬಟ್ಟೆ ಹಾಕಿಕೊಳ್ಳುವವಳು ನಾನು. ಈಗ ಕಂಕುಳು ಪೂರ್ತಿ ಆರುವವರೆಗೆ ಕೈ ಎತ್ತಿ ನಿಲ್ಲಬೇಕು ಅಂತ ಅವರ ಅಪ್ಪಣೆ. ಕೂದಲು ಕತ್ತರಿಸಿಕೊಳ್ಳಬೇಕು. ಕ್ಷೌರದಂಗಡಿಯವರು ಗಾಯಕ್ಕೆ ಒತ್ತುತ್ತಾರಲ್ಲ, ಆ ಪಟಿಕದ ಕಲ್ಲನ್ನು ನೀರಲ್ಲಿ ಅದ್ದಿ ಮೆಲ್ಲಗೆ ಸವರಬೇಕು. ಬೆವರಿನ ಮೇಲೆ ಪೌಡರು ಸುರಿಯಬಾರದು. ಮಧ್ಯಾಹ್ನ ಒದ್ದೆ ಬಟ್ಟೆಯಿಂದ ಒರೆಸಿಕೊಂಡು ರವಿಕೆ ಬದಲಾಯಿಸಬೇಕು. ಬಿಸಿ ಕಾಫಿ ದಿನಕ್ಕೆ ಒಂದೇ ಲೋಟ, ನೀರು ಧಾರಾಳ. ಎಲ್ಲಕ್ಕಿಂತ ಕಷ್ಟವಾಗಿದ್ದು ಒಗೆದ ರವಿಕೆಗಳನ್ನು ಒಳಮಗ್ಗಲು ಹೊರಗೆ ಮಾಡಿ, ಅಂಗಡಿಯ ಮುಂದೆ, ಬಿಸಿಲಿಗೆ, ಎಲ್ಲರಿಗೂ ಕಾಣುವಂತೆ ಹರವುವುದು. ಮೊದಲ ದಿನ ಹರವಿ ಒಳಗೆ ಬಂದು ಬಾಗಿಲ ಸಂದಿಯಿಂದ ನೋಡುತ್ತ ನಿಂತೆ. ಬೀದಿಯಲ್ಲಿ ಯಾರೂ ತಿರುಗಿ ಕೂಡ ನೋಡಲಿಲ್ಲ.

ನನ್ನದೇ ಒಂದು ಉಪಾಯವನ್ನೂ ಸೇರಿಸಿದೆ. ಹಳೆಯ ಪಂಚೆಯನ್ನು ಅರ್ಧಚಂದ್ರದ ಹಾಗೆ ಕತ್ತರಿಸಿ, ನಾಲ್ಕು ಪದರ ಸೇರಿಸಿ ಹೊಲಿದು, ರವಿಕೆಯ ಕಂಕುಳಿಗೆ ಒಳಗಿನಿಂದ ಹುಕ್ಕು ಹಾಕುವ ಪಟ್ಟಿ ಮಾಡಿದೆ. ತೊಯ್ದರೆ ಪಟ್ಟಿ ಮಾತ್ರ ಬಿಚ್ಚಿ ಬೇರೆ ಹಾಕಿದರಾಯಿತು. ಫಿಲೋಮಿನಾ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ನನಗೂ ಆರು ಜೊತೆ ಹೊಲೀರಿ" ಅಂದರು.

ಒಂದೂವರೆ ತಿಂಗಳಿಗೆ ನನ್ನ ಕುರ್ಚಿಯ ಉಳಿಕೆ ತೆಳುವಾಯಿತು. ಇದು ನನ್ನ ಭ್ರಮೆಯೇನೋ ಅಂದುಕೊಂಡೆ. ಆದರೆ ಒಂದು ದಿನ ಬಟ್ಟೆ ಕೊಡಲು ಬಂದ ಹೆಂಗಸೊಬ್ಬರು ಕೊಕ್ಕೆಗೆ ಚೀಲ ಹಾಕಿ, ತಡೆದು, ಬಾಗಿಲೊಳಗೆ ಇಣುಕಿ, "ವನಜಾಕ್ಷಿ ಇದಾರಾ?" ಅಂತ ಕೇಳಿದರು. ನಾನು ಎದುರಿಗೇ ಕೂತಿದ್ದೆ.

ಅಷ್ಟರಲ್ಲಿ ಫಿಲೋಮಿನಾಗೆ ವರ್ಗವಾಯಿತು. ಹೊರಡುವ ದಿನ ಬೆಳಿಗ್ಗೆ ಬಂದು, ಸ್ಟೂಲಿನ ಮೇಲೆ ಕೂತು, ನನ್ನ ಕೈಯನ್ನು ತಮ್ಮ ಮಡಿಲಲ್ಲಿಟ್ಟುಕೊಂಡರು. "ಊರಿನೋರ ಹತ್ರ ಹೋಗ್ರೀ. ಅವರೇ ಬರಲಿ ಅಂತ ಕಾಯ್ಬೇಡಿ" ಅಂದರು. ಇನ್ನು ಸ್ವಲ್ಪ ದಿನ ಇರಿ ಅನ್ನಬೇಕು ಅನ್ನಿಸಿತು. ಹಾಗನ್ನಲು ನನಗೇನು ಹಕ್ಕು ಅಂತ ಸುಮ್ಮನಾದೆ. ಅವರ ಉಳಿಕೆ, ಡೆಟಾಲಿನ ಜೊತೆ ಬೆರೆತದ್ದು, ಮೂರು ದಿನ ಇತ್ತು. ನಾಲ್ಕನೆಯ ದಿನ ಹೋಯಿತು.

ಅದೇ ವಾರ ಅಂಚೆಯಲ್ಲಿ ಭಾರ್ಗವಿಯ ಮದುವೆಯ ಪತ್ರ ಬಂತು. ಕೆಳಗೆ ಕುಮುದಳ ಕೈಬರಹ: "ಅಕ್ಕ, ಖಂಡಿತ ಬಾ. ಕೊನೆ ಸಾಲಿನಲ್ಲಿ ಜಾಗ ಇರುತ್ತೆ." ಆ ಎರಡು ಸಾಲುಗಳನ್ನು ಎಷ್ಟು ಸಲ ಓದಿದೆನೋ. ಸ್ವಂತ ದೊಡ್ಡಮ್ಮ ಹೊಲಿಗೆಯವಳಾಗಿದ್ದೂ ಮದುಮಗಳ ರವಿಕೆಗಳು ಬೇರೆ ಕಡೆ ಹೊಲಿಯಲು ಹೋಗಿದ್ದವು, ಅದು ನೋವಾಗಿತ್ತು. ಆದರೂ ಖಂಡಿತ ಬಾ ಅಂದಿದ್ದಳು.

ಮದುವೆಗೆ ನಾನು ಪರೀಕ್ಷೆಗೆ ಹೋಗುವವಳ ಹಾಗೆ ಸಿದ್ಧವಾದೆ. ಹಿಂದಿನ ದಿನವೆಲ್ಲ ಮಜ್ಜಿಗೆ ಅನ್ನ. ಬೆಳಿಗ್ಗೆ ಸ್ನಾನ, ಪಟಿಕ, ತಿಳಿಹಸಿರು ಹತ್ತಿ ಸೀರೆ, ಹೊಸ ಪಟ್ಟಿ. ಕೈಚೀಲದಲ್ಲಿ ಇನ್ನೂ ಎರಡು ರವಿಕೆ, ನಾಲ್ಕು ಜೊತೆ ಪಟ್ಟಿ, ಒದ್ದೆ ಬಟ್ಟೆಯ ಡಬ್ಬಿ. ಛತ್ರದ ಕುರ್ಚಿಗೆ ನನ್ನ ಮೈ ತಾಕದಿರಲಿ ಅಂತ ದಪ್ಪ ಬಟ್ಟೆಯೊಂದನ್ನು ಮಡಿಸಿ ಒಯ್ದೆ. ಅದರ ಮೇಲೆ ಕೂತೆ. ಕೊನೆಯ ಸಾಲು, ಕಂಬದ ಪಕ್ಕ. ಎರಡು ಸಲ ಎದ್ದುಹೋಗಿ ಬಚ್ಚಲಲ್ಲಿ ರವಿಕೆ ಬದಲಾಯಿಸಿ ಬಂದೆ. ಮುಂದೆ ಕೂತಿದ್ದ ಹೆಂಗಸರು ಒಬ್ಬರೂ ಹಿಂತಿರುಗಿ ನೋಡಲಿಲ್ಲ, ಸೆರಗು ಮೂಗಿಗೆ ಹಿಡಿಯಲಿಲ್ಲ, ಎದ್ದು ಬೇರೆ ಕಡೆ ಹೋಗಲಿಲ್ಲ. ಮಾಂಗಲ್ಯ ಕಟ್ಟುವಾಗ ನನ್ನ ಅಕ್ಷತೆ ಎಲ್ಲರ ತಲೆಯ ಮೇಲಿಂದ ಹೋಗಿ ಎಲ್ಲೋ ಬಿತ್ತು. ಭಾರ್ಗವಿ ಕೆಂಪು ಸೀರೆಯಲ್ಲಿ ನನ್ನ ಅಮ್ಮನ ಹಾಗೆ ಕಂಡಳು. ಊಟಕ್ಕೆ ನಿಲ್ಲುವ ಧೈರ್ಯವಾಗಲಿಲ್ಲ. ಬಿಸಿ ಸಾರು, ಜನರ ನೂಕುನುಗ್ಗಲು, ಎಲ್ಲ ಹಾಳಾದರೆ? ವೇದಿಕೆಯ ಮೇಲೆ ಹೋಗಿ ಮಾತಾಡಿಸಬೇಕು ಅಂತ ನಾಲ್ಕು ಹೆಜ್ಜೆ ಹೋದೆ. ಸಾಲು ಉದ್ದವಿತ್ತು, ಹಿಂತಿರುಗಿದೆ. ಕೂತಿದ್ದ ಬಟ್ಟೆ ಮಡಿಸಿ ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ. ಬೀದಿಯುದ್ದಕ್ಕೂ ನಗು ಬರುತ್ತಿತ್ತು. ಇಡೀ ಬೆಳಿಗ್ಗೆ ಮುನ್ನೂರು ಜನರ ಜೊತೆ ಕೂತು ಬಂದಿದ್ದೆ!

ನಮ್ಮೂರಲ್ಲಿ ಮದುವೆಯ ಮೂರನೆಯ ದಿನ ಹೆಣ್ಣಿನ ಮನೆಯವರು ಖಾಲಿ ಛತ್ರಕ್ಕೆ ಹೋಗಿ ಸಾಲುಸಾಲಾಗಿ ನಡೆಯುತ್ತಾರೆ. ಇಲ್ಲಿ ಸೋದರಮಾವ, ಇಲ್ಲಿ ಮೇಷ್ಟ್ರು, ಇಲ್ಲಿ ಹಾಲಿನವಳು ಅಂತ ಒಂದೊಂದು ಕುರ್ಚಿಯ ಮುಂದೆ ನಿಂತು ಹೆಸರು ಹೇಳಿ ಕೈಮುಗಿಯುತ್ತಾರೆ. ಗಡಿಬಿಡಿಯಲ್ಲಿ ಮಾತಾಡಿಸಲಾಗದವರಿಗೆ ಹೀಗೆ ಮರ್ಯಾದೆ ಸಲ್ಲುತ್ತದೆ. ನಾನು ಅದನ್ನು ನೆನೆಸಿಕೊಂಡಿರಲೇ ಇಲ್ಲ.

ಅದರ ಮರುದಿನ ಮಧ್ಯಾಹ್ನ ಕುಮುದ ನನ್ನ ಅಂಗಡಿಯ ಬಾಗಿಲಲ್ಲಿ ನಿಂತಿದ್ದಳು. ಹುಟ್ಟಿದಾಗಿನಿಂದ ನೋಡಿದವಳು, ಆದರೂ ಯಾರೋ ಗಿರಾಕಿ ಅಂದುಕೊಂಡೆ. ಮುಖ ಕೆಂಪಾಗಿತ್ತು.

"ಯಾಕೆ ಬರ್ಲಿಲ್ಲ ಅಕ್ಕ?"

"ಬಂದಿದ್ನಲ್ಲೇ."

"ಸುಳ್ಳು ಹೇಳ್ಬೇಡ. ಕೊನೆ ಸಾಲಲ್ಲಿ ಮೂರು ಸಲ ಓಡಾಡಿದೆ. ನಿಂದು ಎಲ್ಲೂ ಇರ್ಲಿಲ್ಲ. ಒಂದು ಚೂರೂ ಇಲ್ಲ. ಇರೋಳು ಒಬ್ಬಳೇ ಅಕ್ಕ, ನನ್ನ ಮಗಳ ಮದುವೆಗೆ ಬರೋಕಾಗ್ಲಿಲ್ವಾ ನಿನಗೆ?"

ನಾನು ಹೇಳಿದೆ: ಧಾರೆಗೆ ಮುಂಚೆ ಭಾರ್ಗವಿಯ ಸೆರಗು ದೀಪಕ್ಕೆ ತಾಗಲು ಹೋಗಿತ್ತು, ಅವಳ ಅತ್ತೆಯಾಗುವವರು ಎಳೆದರು. ಮದುಮಗನ ಪೇಟ ಒಮ್ಮೆ ಕಣ್ಣಿನ ಮೇಲೆ ಜಾರಿತು, ಭಾರ್ಗವಿ ನಕ್ಕಳು. ಕುಮುದಳ ಸಿಟ್ಟು ಇಳಿಯಿತು. ಕಕ್ಕಾಬಿಕ್ಕಿಯಾಗಿ ನನ್ನನ್ನೇ ನೋಡಿದಳು.

"ಮತ್ತೆ... ಎಲ್ಲಿ ಹೋಯ್ತು ನಿಂದು?"

"ಹೋಗ್ಲಿ ಅಂತಾನೇ ಅಲ್ವಾ ಇಷ್ಟೆಲ್ಲ ಮಾಡಿದ್ದು? ಎಲ್ಲರ ಥರ ಸ್ವಲ್ಪವಾದರೂ ಇರುತ್ತೆ ಅಂದ್ಕೊಂಡಿದ್ದೆ. ಜಾಸ್ತಿ ಹುಷಾರಾಗಿಬಿಟ್ಟೆ ಅಂತ ಕಾಣುತ್ತೆ."

ಅವಳು ಸ್ಟೂಲಿನ ಮೇಲೆ ಕುಸಿದು ಕೂತಳು. ನನಗೆ ಇನ್ನೊಂದು ಮಾತು ಬಾಯಿಗೆ ಬಂದಿತ್ತು. ಹೇಳಲೋ ಬೇಡವೋ ಅಂತ ತಡೆದು, ಹೇಳಿಯೇಬಿಟ್ಟೆ. "ಅಕ್ಷತೆ ಹಾಕೋವಾಗ ಎಲ್ಲರೂ ಕೈ ಎತ್ತಿದ್ರು ಕುಮುದ. ನೀನು ಮಾತ್ರ ಮೊಣಕೈ ಒತ್ತಿಕೊಂಡು, ಮುಂಗೈಯಿಂದ ಹಾಕಿದೆ."

ಅವಳು ಎದ್ದು ಬಾಗಿಲು ಮುಂದೆ ಮಾಡಿ, ರವಿಕೆಯ ಹುಕ್ಕು ಬಿಚ್ಚಿದಳು. ಕಂಕುಳಲ್ಲಿ ದಪ್ಪ ಬಟ್ಟೆಯ ಉಂಡೆ ತುರುಕಿ ದಾರದಲ್ಲಿ ಕಟ್ಟಿಕೊಂಡಿದ್ದಳು. ದಾರ ಬಿಚ್ಚಿದೆ. ಚರ್ಮ ಬೆಂದು ಕೆಂಪಾಗಿ, ಅಲ್ಲಲ್ಲಿ ಸುಲಿದಿತ್ತು.

"ಯಾವಾಗಿಂದ?"

"ಮದುವೆ ಆದಾಗಿಂದ. ಅದಕ್ಕಿಂತ ಮುಂಚೆ ಸ್ವಲ್ಪ ಇತ್ತು, ಅಮ್ಮನಿಗೂ ಹೇಳಿರ್ಲಿಲ್ಲ." ಬಿಚ್ಚಿದ ದಾರವನ್ನು ಬೆರಳಿಗೆ ಸುತ್ತಿಕೊಂಡಳು. "ನೀನು ಬಂದು ಹೋದ್ರೆ, ನಿಂದೂ ನಂದೂ ಒಂದೇ ಅಂತ ಅತ್ತೆಗೆ ಗೊತ್ತಾಗ್ಬಿಡುತ್ತೆ ಅಕ್ಕ. ಅದಕ್ಕೇ ನಿನ್ನ ಕರೀಲಿಲ್ಲ. ನಿನ್ನ ಹತ್ರ ರವಿಕೇನೂ ಕೊಡ್ಲಿಲ್ಲ. ತೋಳು ನೋಡಿದ ತಕ್ಷಣ ನಿನಗೆ ತಿಳಿದುಬಿಡುತ್ತಿತ್ತು."

ಉಗುರು ಬೆಚ್ಚಗಿನ ನೀರು ತಂದು, ಮೆತ್ತನೆಯ ಬಟ್ಟೆಯಲ್ಲಿ ಅವಳ ಕಂಕುಳು ತೊಳೆದೆ. ಚರ್ಮ ಮಾಗುವವರೆಗೆ ಪಟಿಕ ಮುಟ್ಟಬೇಡ, ಉರಿಯುತ್ತೆ, ಆಸ್ಪತ್ರೆಗೆ ಹೋಗಿ ಮುಲಾಮು ತಗೋ, ಬಟ್ಟೆ ಕಟ್ಟಬೇಡ ಅಂದೆ. ಕೈ ಎತ್ತಿಸಿ, ಆರುವವರೆಗೆ ಬೀಸಣಿಗೆ ಬೀಸಿದೆ. ಅವಳು ಚಿಕ್ಕ ಮಗುವಿನ ಹಾಗೆ ಕೈ ಎತ್ತಿಕೊಂಡೇ ಅತ್ತಳು.

"ಭಾರ್ಗವಿಗೂ ಶುರುವಾಗಿದೆ ಅಕ್ಕ. ಇನ್ನು ಮೂರು ದಿನಕ್ಕೆ ಗಂಡನ ಮನೆಗೆ ಹೋಗ್ಬೇಕು. ನನ್ನ ಥರಾನೇ ಬಟ್ಟೆ ಕಟ್ಕೊಳ್ಳೋಕೆ ಹೇಳಿಕೊಟ್ಟಿದೀನಿ. ನೀನಾದ್ರೂ ಸರಿಯಾಗಿ ಹೇಳ್ಕೊಡು."

"ಕರ್ಕೊಂಡು ಬಾ."

"ಇಲ್ಲಿಗಾ? ಇಲ್ಲಿಗೆ ಬಂದ್ರೆ ಜನ..." ಅಂದವಳು ಅಲ್ಲೇ ನಿಲ್ಲಿಸಿದಳು.

"ಹಾಗಾದ್ರೆ ನಾನೇ ಬರ್ತೀನಿ. ಹಿತ್ತಲಿಂದ ಅಲ್ಲ, ಮುಂಬಾಗಿಲಿಂದ."

ಕುಮುದ ಸೆರಗು ಸರಿಮಾಡಿಕೊಳ್ಳುತ್ತ ಯೋಚಿಸಿದಳು. "ನಾಳೆ ಊಟ ಆದ್ಮೇಲೆ ಬಾ. ಅತ್ತೆ ಮಲಗಿರ್ತಾರೆ" ಅಂದಳು. ಅಷ್ಟಾದರೂ ಅಂದಳಲ್ಲ ಅಂದುಕೊಂಡೆ.

ಮರುದಿನ ಸ್ನಾನ ಮಾಡಿ, ಒಗೆದ ಹತ್ತಿಯ ರವಿಕೆ ಹಾಕಿಕೊಂಡೆ. ಕೂರುವ ಬಟ್ಟೆಯನ್ನು ಒಯ್ಯಲಿಲ್ಲ, ಪಟ್ಟಿಯನ್ನೂ ಹಾಕಿಕೊಳ್ಳಲಿಲ್ಲ. ಭಾರ್ಗವಿಗಾಗಿ ಹೊಲಿದ ಹನ್ನೆರಡು ಜೊತೆ ಪಟ್ಟಿಗಳು ಚೀಲದಲ್ಲಿದ್ದವು. ನಾಲ್ಕು ಬೀದಿ ಬಿಸಿಲಲ್ಲಿ ನಡೆಯುವಷ್ಟರಲ್ಲಿ ಬೆನ್ನು ತೊಯ್ದಿತ್ತು. ಹೊಸ್ತಿಲ ಮುಂದೆ ಚಪ್ಪಲಿ ಬಿಟ್ಟೆ.

ಕುಮುದಳ ಅತ್ತೆ ಪುಟ್ಟತಾಯಮ್ಮನವರು ಮಲಗಿರಲಿಲ್ಲ. ನಡುಮನೆಯಲ್ಲಿ ಕಾಲು ಚಾಚಿ ಕೂತು ಎಲೆಅಡಿಕೆ ಮೆಲ್ಲುತ್ತಿದ್ದರು. ಎಂಬತ್ತರ ಹತ್ತಿರದ ಮುದುಕಿ, ಕಣ್ಣು ಮಂಜಾಗಿತ್ತು. ಕುಮುದ ಒಳಗಿನಿಂದ ಓಡಿಬಂದವಳು ನನ್ನನ್ನೂ ಅತ್ತೆಯನ್ನೂ ನೋಡಿ ನಿಂತುಬಿಟ್ಟಳು.

"ಯಾರೇ ಅದು ಬಂದಿರೋದು?"

"ಅವರು... ಹೊಲಿಗೆಯವರು ಅತ್ತೆ. ಭಾರ್ಗವಿ ರವಿಕೆ ಸರಿಮಾಡೋಕೆ."

ನನಗೆ ತಿರುಗಿ ಹೋಗಬೇಕು ಅನ್ನಿಸಿತು. ಹೋಗಲೂ ಇಲ್ಲ, ಒಳಗೆ ಕಾಲಿಡಲೂ ಇಲ್ಲ. ಮುದುಕಿ ಮೆಲ್ಲುವುದನ್ನು ನಿಲ್ಲಿಸಿ ಮುಖವನ್ನು ಸ್ವಲ್ಪ ಮೇಲೆತ್ತಿದರು.

"ಹೊಲಿಗೆಯವರೇನೇ? ನಿಮ್ಮಕ್ಕ ಅಲ್ವಾ ಅದು?"

ಕುಮುದ ಗೋಡೆ ಹಿಡಿದುಕೊಂಡಳು.

"ನಿನ್ನ ಮೈದೂ ಇವಳದೂ ಒಂದೇ ಅಲ್ವೇನೇ? ನೀನು ಈ ಮನೆಗೆ ಕಾಲಿಟ್ಟ ಮೂರನೇ ದಿನಾನೇ ನನಗೆ ತಿಳಿದಿತ್ತು, ನಿನಗೆ ಬೆವರು ಜಾಸ್ತಿ ಅಂತ. ಅದರಲ್ಲೇನು? ನಮ್ಮ ಅತ್ತೆಗೆ ಬಾಯಿ ವಾಸನೆ ಇತ್ತು, ಅವರ ಜೊತೆ ಮೂವತ್ತು ವರ್ಷ ಬಾಳಿದೀನಿ." ನನ್ನ ಕಡೆ ತಿರುಗಿದರು. "ಬಾರಮ್ಮ, ಯಾಕೆ ಬಾಗಿಲಲ್ಲೇ ನಿಂತೆ? ಅಕ್ಕತಂಗೀರ ನಡುವೆ ಏನೋ ಜಗಳ ಇದೆ, ನಾನ್ಯಾಕೆ ಮಧ್ಯೆ ಬಾಯಿ ಹಾಕ್ಲಿ ಅಂತ ಇಷ್ಟು ವರ್ಷ ಸುಮ್ಮನಿದ್ದೆ. ಕೂತ್ಕೋ ಬಾ."

ನಾನು ಹೋಗಿ ಅವರ ಪಕ್ಕ ಕೂತೆ. ಮುದುಕಿ ಎಲೆಗೆ ಸುಣ್ಣ ಹಚ್ಚಿ ನನ್ನ ಕೈಗಿಟ್ಟರು. ಕುಮುದ ಗೋಡೆ ಬಿಡಲಿಲ್ಲ. ನಾನು ಅವಳ ಮುಖ ನೋಡಲಿಲ್ಲ. ಅವಳೂ ನನ್ನನ್ನು ನೋಡಿರಲಾರಳು. ಎಷ್ಟು ಹಬ್ಬ, ಎಷ್ಟು ಬಾಣಂತನ, ಭಾರ್ಗವಿಯ ಎಷ್ಟು ಹುಟ್ಟುಹಬ್ಬ. ಈ ಮುದುಕಿಯನ್ನು ಕೇಳಿದ್ದರೆ ಒಂದು ಮಾತಿನಲ್ಲಿ ಮುಗಿದುಹೋಗುತ್ತಿತ್ತು. ಅವಳು ಕೇಳಲಿಲ್ಲ, ನಾನೂ ಕೇಳಲಿಲ್ಲ.

ಭಾರ್ಗವಿಯನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ ಎಲ್ಲ ತೋರಿಸಿಕೊಟ್ಟೆ. ಅವಳು ಕಿಲಕಿಲ ನಗುತ್ತ ಕೈ ಎತ್ತಿ ನಿಂತಳು; ಪಟಿಕ ಕಚಗುಳಿ ಇಡುತ್ತದಂತೆ. ಪಟ್ಟಿ ಹುಕ್ಕು ಹಾಕುವುದನ್ನು ಎರಡೇ ಸಲಕ್ಕೆ ಕಲಿತಳು. "ಗಂಡನಿಗೆ ಹೇಳ್ಲಾ ದೊಡ್ಡಮ್ಮ?" ಅಂತ ಕೇಳಿದಳು. ಮೊದಲ ವಾರವೇ ಹೇಳಿಬಿಡು ಅಂದೆ.

ಹೊರಟಾಗ ಬಿಸಿಲು ಇಳಿದಿತ್ತು. ಕುಮುದ ಬೀದಿಯ ತಿರುವಿನವರೆಗೆ ಜೊತೆಗೆ ಬಂದಳು. ತಿರುವಿನಲ್ಲಿ ಅವಳು ನನ್ನ ಕೈಚೀಲದ ಹಿಡಿ ಹಿಡಿದುಕೊಂಡು ಕೇಳಿದಳು: "ನಾಳೆ ಬರ್ತೀಯಾ ಅಕ್ಕ? ಊಟಕ್ಕೇ ಬಾ."

"ನಾಳೆ ಹೊಲಿಗೆ ಇದೆ" ಅಂದೆ. ಒಂದು ರವಿಕೆಯೂ ಇರಲಿಲ್ಲ.

ಅವಳ ಮುಖ ಸಣ್ಣದಾಯಿತು. ಚೀಲದ ಹಿಡಿ ಬಿಟ್ಟಳು.

"ನಾಡಿದ್ದು ಬರ್ತೀನಿ, ಭಾರ್ಗವಿ ಹೊರಡೋ ಹೊತ್ತಿಗೆ" ಅಂದೆ.

ಮರುದಿನ ಅಂಗಡಿ ತೆರೆಯಲಿಲ್ಲ. ಬಾಗಿಲು ಹಾಕಿಕೊಂಡು, ಬೆಳಗಿನಿಂದ ಸಂಜೆಯವರೆಗೆ ಒಬ್ಬಳೇ ಕೂತು ಅತ್ತೆ. ಆ ಒಂದು ದಿನ ನನಗೆ ಬೇಕಿತ್ತು.